ಏಣಿ ಹೊತ್ತ 38 ಸೆಕೆಂಡು

ಆ ಚಿತ್ರದ ಸಂಕಲನಕ್ಕೆ ಕುಳಿತಾಗ ನನ್ನ ಮುಂದಿದ್ದದ್ದು ನಲವತ್ತು ಗಂಟೆಗೂ ಮೀರಿದ ರಶಸ್, ಅಂದರೆ ಇನ್ನೂ ಕತ್ತರಿಸದ ಚಿತ್ರೀಕರಣದ ತುಣುಕುಗಳು, ಮತ್ತು ಒಂದು ಏಣಿಯ ಕಥೆ. ಪುಟ್ಟ ಹಳ್ಳಿಯ ಅಣ್ಣ ತಮ್ಮಂದಿರಿಬ್ಬರು ಹೊಲದ ಬದುವಿಗಾಗಿ ಜಗಳವಾಡಿ ಮಾತು ಬಿಟ್ಟಿರುತ್ತಾರೆ. ಅದಕ್ಕೂ ಮೊದಲು ತಮ್ಮ ಎರವಲು ಒಯ್ದ ಏಣಿ ಅವನ ಮನೆಯಲ್ಲೇ ಉಳಿದಿರುತ್ತದೆ. ತಮ್ಮ ಸತ್ತ ಮೇಲೆ ಅಣ್ಣ ಅದನ್ನು ಕೇಳಲು ಹೋಗುತ್ತಾನೆ, ಬಾಯಿ ಬರುವುದಿಲ್ಲ. ಕೇಳದಿದ್ದರೂ ತಮ್ಮನ ಹೆಂಡತಿ ಏಣಿಯನ್ನು ತಂದು ಕೊಡುತ್ತಾಳೆ. ಅವನು ಹೊತ್ತುಕೊಂಡು ಓಣಿಯಲ್ಲಿ ನಡೆದು ಬರುತ್ತಾನೆ. ಕಥೆ ಇಷ್ಟೇ. ಮಿಕ್ಕದ್ದೆಲ್ಲ ದನ ಕಟ್ಟುವುದು, ನೀರು ಸೇದುವುದು, ಕಟ್ಟೆಯ ಮೇಲೆ ಕುಳಿತು ಪರರ ಸಂಸಾರ ವಿಚಾರಿಸುವುದು.

ನಟರೆಲ್ಲ ಹಳ್ಳಿಯವರೇ. ಇಟಲಿಯ ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ 1948ರ ತಮ್ಮ 'ಬೈಸಿಕಲ್ ಥೀವ್ಸ್' ಚಿತ್ರದಲ್ಲಿ ಕಾರ್ಖಾನೆಯ ಕೆಲಸಗಾರನೊಬ್ಬನನ್ನೇ ನಾಯಕನನ್ನಾಗಿ ನಿಲ್ಲಿಸಿದ್ದನ್ನು ಓದಿ ಮೆಚ್ಚಿದ್ದ ನಾನು, ಅಂಥವರ ಶಾಟ್‌ಗಳನ್ನು ಜೋಡಿಸುವವನ ಪಾಡೇನು ಎಂದು ಯೋಚಿಸಿರಲಿಲ್ಲ. ವೃತ್ತಿನಟ ಐದನೇ ಟೇಕಿನಲ್ಲೂ ಅದೇ ಮಾತಿಗೆ ಅದೇ ಕೈ ಎತ್ತುತ್ತಾನೆ. ನಮ್ಮ ಅಣ್ಣನ ಪಾತ್ರಧಾರಿಯ ಟವಲು ಮೊದಲ ಟೇಕಿನಲ್ಲಿ ಎಡ ಹೆಗಲಿಗಿತ್ತು, ಎರಡನೆಯದರಲ್ಲಿ ಬಲಕ್ಕೆ, ಮೂರನೆಯದರಲ್ಲಿ ಟವಲೇ ಇರಲಿಲ್ಲ.

ಏಣಿಯ ನಡಿಗೆಯನ್ನು ಮೊದಲ ಸಲ ಒಂಬತ್ತು ಸೆಕೆಂಡಿಗೆ ಇಳಿಸಿದ್ದೆ. ಕಾಲಿನ ಕ್ಲೋಸ್‌ಅಪ್, ಹಣೆಯ ಬೆವರು, ಕಣ್ಣು, ಹಿನ್ನೆಲೆಗೆ ಕೊಳಲು. ಹತ್ತು ಜನರನ್ನು ಕೂರಿಸಿ ತೋರಿಸಿದೆವು. ಯಾರೂ ನಗಲಿಲ್ಲ, ಯಾರ ಕಣ್ಣೂ ಒದ್ದೆಯಾಗಲಿಲ್ಲ. ಒಬ್ಬರು ಗಡಿಯಾರ ನೋಡಿದರು. ನಿರ್ದೇಶಕಿ ಹೊರಗೆ ಬಂದು, "ಸರ್, ಅಳು ಬರುವ ಮೊದಲೇ ನೀವು ಕರವಸ್ತ್ರ ಚಾಚುತ್ತಿದ್ದೀರಿ" ಎಂದರು. ಎರಡು ದಿನ ಅವರ ಮೇಲೆ ಸಿಟ್ಟಿತ್ತು.

ಮೂರನೇ ದಿನ, ಹೆಚ್ಚಾಯಿತೆಂದು ಪಕ್ಕಕ್ಕಿಟ್ಟಿದ್ದ, ದೂರದಿಂದ ತೆಗೆದ ಲಾಂಗ್ ಶಾಟ್ ತೆರೆದೆ. ಅದರಲ್ಲಿ ಏಣಿ ಪೂರ್ತಿ ಕಾಣುತ್ತದೆ. ಓಣಿ ಕಿರಿದು, ಏಣಿ ಉದ್ದ. ಮುಂದೆ ಅವನ ತಲೆ ತಿರುವು ದಾಟಿದರೂ ಹಿಂದಿನ ತುದಿ ಯಾರದೋ ಒಗೆದ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇಬ್ಬರು ಬಗ್ಗುತ್ತಾರೆ, ಒಂದು ಮಗು ಅಡಿಯಲ್ಲಿ ನುಸುಳುತ್ತದೆ, ಯಾರೋ "ಏಣಿ ಸಿಕ್ಕಿತೇ?" ಎಂದು ಕೇಳುತ್ತಾರೆ. ಅವನು "ಹೂಂ" ಎನ್ನುತ್ತಾನೆ. ನಗು ಇದ್ದದ್ದು ತಲೆಗೂ ಏಣಿಯ ಬಾಲಕ್ಕೂ ನಡುವಿನ ಆ ದೂರದಲ್ಲಿ. ಕ್ಲೋಸ್‌ಅಪ್ ಅದನ್ನೇ ಕತ್ತರಿಸಿ ಎಸೆದಿತ್ತು. ಶಾಟನ್ನು 38 ಸೆಕೆಂಡು ಹಾಗೆಯೇ ಬಿಟ್ಟೆ. ಮುಂದಿನ ಪ್ರದರ್ಶನದಲ್ಲಿ ಜನ ನಕ್ಕರು. ಇಪ್ಪತ್ತೈದನೇ ಸೆಕೆಂಡಿನ ಹೊತ್ತಿಗೆ ನಗು ತಾನಾಗಿ ಬತ್ತಿತು, ಅವನು ಮಾತ್ರ ನಡೆಯುತ್ತಲೇ ಇದ್ದ. ಮಿಕ್ಕ ಹದಿಮೂರು ಸೆಕೆಂಡು ಯಾರೂ ಕೆಮ್ಮಲಿಲ್ಲ.

ಕೊಳಲನ್ನು ತೆಗೆದೆ. ಶಬ್ದಗ್ರಾಹಕರು ಪ್ರತಿ ಜಾಗದಲ್ಲೂ ಒಂದು ನಿಮಿಷ ಎಲ್ಲರನ್ನೂ ಸುಮ್ಮನಿರಿಸಿ ಬರಿಯ ಪರಿಸರದ ಸದ್ದು ಹಿಡಿದಿಟ್ಟಿದ್ದರು. ಅದರಲ್ಲಿ ದೂರದ ಹಿಟ್ಟಿನ ಗಿರಣಿಯ ಸದ್ದು ಸಿಕ್ಕಿತು. ಸಾವಿನ ಮನೆಯ ದೃಶ್ಯದುದ್ದಕ್ಕೂ ಅದನ್ನೇ ಓಡಿಸಿದೆ. ಕೊನೆಯ ಕಟ್‌ಗಾಗಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ದಾಟುವ ಜಾಗಕ್ಕಾಗಿ, ಒಂದು ಇಡೀ ಸಂಜೆ ಹೋಯಿತು. "ಹೂಂ" ಆದಮೇಲೆ ತಮ್ಮನ ಹೆಂಡತಿಯ ಮುಖಕ್ಕೆ ಹೋಗುವ ಮುನ್ನ ಹನ್ನೆರಡು ಫ್ರೇಮ್, ಅಂದರೆ ಅರ್ಧ ಸೆಕೆಂಡು. ಇಷ್ಟೂ ಇಲ್ಲದಿದ್ದರೆ ಆ "ಹೂಂ" ಉದ್ಧಟತನವಾಗುತ್ತಿತ್ತು. ಇಪ್ಪತ್ನಾಲ್ಕಕ್ಕೆ ಏರಿಸಿದರೆ ನಾಟಕವಾಗುತ್ತಿತ್ತು.

ಒಂದು ಶಾಟ್ ಮಾತ್ರ ಎಲ್ಲೂ ಸಿಗಲಿಲ್ಲ: ತಮ್ಮನ ಮುಚ್ಚಿದ ಬಾಗಿಲನ್ನು ಅಣ್ಣ ನೋಡುವುದು. ತೆಗೆದ ಟೇಕುಗಳಲ್ಲೆಲ್ಲ ಆ ಹಿರಿಯರು ದುಃಖವನ್ನು "ಮಾಡಿ" ತೋರಿಸುತ್ತಿದ್ದರು. ಹುಡುಕುತ್ತ ಹೋದಾಗ, "ಕಟ್" ಎಂದ ಮೇಲೂ ಕ್ಯಾಮೆರಾ ಓಡುತ್ತಿದ್ದ ಒಂದು ತುಣುಕು ಕಂಡಿತು. ಆಡೊಂದು ಮೈಕಿನ ಉಣ್ಣೆಯಂಥ ಗವಸನ್ನು ತಿನ್ನಲು ಬಂದಿತ್ತು, ಅವರು ಅದನ್ನು ಕದಲದೆ ನೋಡುತ್ತಿದ್ದರು. ಒಂದೇ ಮುಖದ ಪಕ್ಕ ಶವಪೆಟ್ಟಿಗೆ ಇಟ್ಟರೆ ದುಃಖ, ಸೂಪಿನ ಬಟ್ಟಲು ಇಟ್ಟರೆ ಹಸಿವು ಕಾಣುತ್ತದೆಂಬ ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್‌ನ ಪ್ರಯೋಗವನ್ನು ಸಂಕಲನ ಕಲಿಯುವವರೆಲ್ಲ ಕೇಳಿರುತ್ತಾರೆ. ನಂಬಿ ಬಳಸಿದ್ದು ಅಂದೇ. ಆಡಿನ ಜಾಗದಲ್ಲಿ ಬಾಗಿಲಿಟ್ಟೆ.

ಚಿತ್ರವನ್ನು ಆ ಹಳ್ಳಿಯಲ್ಲೇ ತೋರಿಸಿದಾಗ ನಾನು ಪಕ್ಕದಲ್ಲಿ ನಿಂತು ಮುಖಗಳನ್ನೇ ನೋಡುತ್ತಿದ್ದೆ. ಬಾಗಿಲಿನ ಶಾಟ್ ಬಂತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆ ಹಿರಿಯರು ಮಾತ್ರ ಬಿದ್ದು ಬಿದ್ದು ನಗುತ್ತ, "ಅಲ್ಲಿ ನಾನು ನೋಡುತ್ತಿರುವುದು ಆಡನ್ನು!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. "ಸುಮ್ಮನಿರು, ತಮ್ಮ ಸತ್ತಿದ್ದಾನೆ" ಎಂದು ಪಕ್ಕದ ಮುದುಕಿ ಗದರಿದರು.