ಕೆಂಪು ಪುಸ್ತಕದ ಚುಕ್ಕೆ, ಶಾಲೆಯಿಂದ ಬರುವ ಕಾಗದ: ಇಂಗ್ಲೆಂಡಿನಲ್ಲಿ ಮಗುವಿನ ತೂಕ ನೋಡುವ ಬಗೆ

ಮಗಳ ಕೆಂಪು ಪುಸ್ತಕದಲ್ಲಿ (ಇಲ್ಲಿ ಮಗುವಿಗೆ ಕೊಡುವ ಆರೋಗ್ಯ ದಾಖಲೆ) ಹೆಲ್ತ್ ವಿಸಿಟರ್, ಅಂದರೆ ಪುಟ್ಟ ಮಕ್ಕಳ ಬೆಳವಣಿಗೆ ನೋಡುವ ನರ್ಸ್, ತೂಕಕ್ಕೆ ಇಟ್ಟ ಚುಕ್ಕೆ 9ನೇ ಸೆಂಟೈಲ್ ಗೆರೆಯ ಮೇಲಿತ್ತು. ನೂರಕ್ಕೆ ಒಂಬತ್ತು ಅಂಕ ಬಂದಷ್ಟು ಸಂಕಟವಾಯಿತು ನನಗೆ. ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಅನೇಕರು ಆ ಸಂಖ್ಯೆಯನ್ನು ಹಾಗೇ ಓದುತ್ತಾರೆ. ಅದು ಅಂಕವಲ್ಲ. ಅದೇ ವಯಸ್ಸಿನ ನೂರು ಹೆಣ್ಣುಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಹಗುರದ ಕಡೆಯಿಂದ ಒಂಬತ್ತನೆಯ ಜಾಗ, ಅಷ್ಟೇ. ಆ ಜಾಗದ ಮಗು ಪೂರ್ತಿ ಆರೋಗ್ಯವಾಗಿರಬಹುದು.

ಆ ಪುಸ್ತಕದ ಚಾರ್ಟಿನಲ್ಲಿ 0.4ರಿಂದ 99.6ರವರೆಗೆ ಒಂಬತ್ತು ಸೆಂಟೈಲ್ ಗೆರೆಗಳಿವೆ. "ಇದು ಬಿಳಿಯರ ಮಕ್ಕಳ ಲೆಕ್ಕ, ನಮ್ಮವಕ್ಕೆ ಹೊಂದಲ್ಲ" ಅನ್ನುವವರಿದ್ದಾರೆ. ಎರಡು ವಾರದಿಂದ ನಾಲ್ಕು ವರ್ಷದವರೆಗಿನ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಿಂದ ಬಂದವು. ಅದಕ್ಕಾಗಿ ಅಳೆದ ಆರು ದೇಶಗಳ ಎದೆಹಾಲಿನ ಮಕ್ಕಳಲ್ಲಿ ದೆಹಲಿಯ ಮಕ್ಕಳೂ ಇದ್ದರು.

ಒಂದು ಚುಕ್ಕೆಗಿಂತ ಚುಕ್ಕೆಗಳು ಹಿಡಿದಿರುವ ದಾರಿ ಮುಖ್ಯ. ಮಗು ತನ್ನ ಗೆರೆಯ ಆಸುಪಾಸಿನಲ್ಲೇ ಸಾಗುತ್ತಿದ್ದರೆ ನೆಮ್ಮದಿಯಿಂದಿರಿ. ಅಕ್ಕಪಕ್ಕದ ಎರಡು ಗೆರೆಗಳ ನಡುವಿನ ಜಾಗವನ್ನು ಇಲ್ಲಿ ಒಂದು ಅಂತರ ಎಂದು ಲೆಕ್ಕ ಹಾಕುತ್ತಾರೆ. ಹುಟ್ಟುತೂಕ 9 ಮತ್ತು 91ನೇ ಸೆಂಟೈಲ್‌ಗಳ ನಡುವೆ ಇದ್ದ ಮಗು ಎರಡು ಅಂತರ ಕೆಳಗಿಳಿದರೆ, 9ಕ್ಕಿಂತ ಕೆಳಗೆ ಹುಟ್ಟಿದ ಮಗು ಒಂದೇ ಅಂತರ ಇಳಿದರೂ, ಹೆಲ್ತ್ ವಿಸಿಟರ್ ಅಥವಾ ಜಿಪಿ (ನಿಮ್ಮ ಮನೆಯ ಡಾಕ್ಟರ್) ಹತ್ತಿರ ಮಾತಾಡಿ. ತೂಕ 2ನೇ ಗೆರೆಗಿಂತ ಕೆಳಗಿದ್ದರಂತೂ ಹುಟ್ಟುತೂಕ ಎಷ್ಟೇ ಇದ್ದಿರಲಿ, ತೋರಿಸಲೇಬೇಕು. ವಾರವಾರವೂ ತೂಗಿಸಬೇಡಿ, ಆರೋಗ್ಯವಾಗಿರುವ ಮಗುವಿಗೆ ಮೊದಲ ಆರು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ವರ್ಷ ತುಂಬುವವರೆಗೆ ಎರಡು ತಿಂಗಳಿಗೊಮ್ಮೆ ಸಾಕು. ಪದೇ ಪದೇ ತೂಗಿದರೆ ಸಣ್ಣ ಏರಿಳಿತಕ್ಕೂ ಎದೆ ಹೊಡೆದುಕೊಳ್ಳುತ್ತದೆ.

ಶಾಲೆಗೆ ಸೇರಿದ ಮೇಲೆ ಎರಡು ಸಲ, ರಿಸೆಪ್ಷನ್‌ನಲ್ಲಿ (ನಾಲ್ಕೈದು ವರ್ಷದ ಮಕ್ಕಳ ಮೊದಲ ತರಗತಿ) ಮತ್ತು ಇಯರ್ 6ರಲ್ಲಿ (ಹತ್ತು ಹನ್ನೊಂದು ವರ್ಷ), ಎತ್ತರ ತೂಕ ಅಳೆಯುತ್ತಾರೆ. ಬೇಡವೆಂದರೆ ಮೊದಲೇ ತಿಳಿಸಬಹುದು. ನಾನಂತೂ ಬೇಡ ಅನ್ನಲಿಲ್ಲ. ಸ್ಕಾಟ್ಲೆಂಡ್, ವೇಲ್ಸ್ ಪದ್ಧತಿ ಬೇರೆ.

ಅಳತೆಯ ಫಲಿತಾಂಶ ಕಾಗದದಲ್ಲಿ ಮನೆಗೆ ಬರುತ್ತದೆ. ಇಲ್ಲಿ ನೋಡುವುದು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅದೂ ವಯಸ್ಸು ಮತ್ತು ಗಂಡು ಹೆಣ್ಣಿನ ಲೆಕ್ಕಕ್ಕೆ ಹೊಂದಿಸಿದ ಸೆಂಟೈಲ್. ದೊಡ್ಡವರ 25ರ ಗಡಿಯನ್ನು ಮಕ್ಕಳಿಗೆ ಹಾಕಬೇಡಿ. 2ರಿಂದ 91ರ ಒಳಗಿದ್ದರೆ ಆರೋಗ್ಯಕರ, 91 ದಾಟಿದರೆ ಹೆಚ್ಚು ತೂಕ, 98 ದಾಟಿದರೆ ಬಹಳ ಹೆಚ್ಚು.

ನಮ್ಮ ಮಕ್ಕಳ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬಿಎಂಐ ಒಂದೇ ಇದ್ದರೂ ದಕ್ಷಿಣ ಏಷ್ಯಾ ಮೂಲದ ಮಕ್ಕಳ ಮೈಯಲ್ಲಿ ಬಿಳಿಯ ಮಕ್ಕಳಿಗಿಂತ ಕೊಬ್ಬಿನ ಪಾಲು ಸಾಮಾನ್ಯವಾಗಿ ಜಾಸ್ತಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ: ಈ ಮೈಕಟ್ಟು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ! ಹಾಗಾಗಿ ಕಾಗದದಲ್ಲಿ ಆರೋಗ್ಯಕರ ಎಂದಿದ್ದರೂ ಸೊಂಟವನ್ನೂ ನೋಡಿ. ಐದು ವರ್ಷ ದಾಟಿದ ಮಗುವಿನ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. ಮಗುವಿನ ಎತ್ತರದಷ್ಟು ದಾರ ಕತ್ತರಿಸಿ, ಎರಡಾಗಿ ಮಡಿಸಿ, ಮಗು ಉಸಿರು ಬಿಟ್ಟಾಗ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ ಸುತ್ತಿ. ತುದಿಗಳು ಕೂಡದೆ ಹೋದರೆ ಜಿಪಿಗೆ ಹೇಳಿ.

ಹೆಚ್ಚು ತೂಕ ಎಂಬ ಕಾಗದ ಬಂದರೆ ಅದನ್ನು ಮಗುವಿನೆದುರು ಜೋರಾಗಿ ಓದಬೇಡಿ, ಫೋನಿನಲ್ಲಿ ನೆಂಟರಿಗೂ ಹೇಳಬೇಡಿ. ಹತ್ತು ವರ್ಷದ ಮಗುವಿಗೆ ಎಲ್ಲವೂ ಕೇಳಿಸುತ್ತದೆ, ಮನಸ್ಸಿನಲ್ಲಿ ಉಳಿಯುತ್ತದೆ. ನೀವೇ ಪಥ್ಯ ಶುರು ಮಾಡುವುದೂ ಬೇಡ. ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೂಕ ಇಳಿಸಬೇಕಿಲ್ಲ. ಅದು ಏರದಂತೆ ನೋಡಿಕೊಂಡರೆ ಎತ್ತರ ಬೆಳೆದು ತಾನಾಗಿ ಸರಿಹೋಗುತ್ತದೆ. ಯಾವುದು ನಿಮ್ಮ ಮಗುವಿಗೆ ಸರಿ ಎಂದು ಸ್ಕೂಲ್ ನರ್ಸ್ ಹತ್ತಿರ ಕೇಳಿ. ಹೋಗುವಾಗ ಹಳೆಯ ಕೆಂಪು ಪುಸ್ತಕವನ್ನೂ ಒಯ್ಯಿರಿ, ಮೊದಲ ಚುಕ್ಕೆಯಿಂದ ನೋಡಲಿ.