ಮೊದಲು ಕೇಳಿ, ಆಮೇಲೆ ಟೈಪ್ ಮಾಡಿ: ರೆಸ್ಯೂಮ್ ಬರೆದುಕೊಟ್ಟ ನನ್ನ ಅನುಭವ

ಹೋದ ತಿಂಗಳು ರೆಸ್ಯೂಮ್, ಕವರಿಂಗ್ ಲೆಟರ್‌ನಿಂದ ಬಂದ ದುಡ್ಡು ಜೆರಾಕ್ಸ್ ದುಡ್ಡನ್ನು ದಾಟಿತು. 17-18 ಸಾವಿರ ಆಗಿರಬೇಕು. ತುಮಕೂರಿನಲ್ಲಿ ನನ್ನ ಡಿಟಿಪಿ ಅಂಗಡಿಗೆ ಈಗ 11 ವರ್ಷ. "ಅಕ್ಕಾ, ಹತ್ತು ರೂಪಾಯಿ ಪ್ರಿಂಟ್‌ಗೇ ಚೌಕಾಸಿ ಮಾಡೋ ಹುಡುಗ್ರು ರೆಸ್ಯೂಮ್‌ಗೆ 400 ಕೊಡ್ತಾರಾ?" ಅಂತ ಪಕ್ಕದ ಅಂಗಡಿಯವರು ಕೇಳಿದ್ದರು. ನಮ್ಮ ಮನೆಯವರೂ ಅದನ್ನೇ ಅಂದಿದ್ದರು. ಕೊಡುತ್ತಾರೆ. ನನ್ನ ಹಾಗೆ ಅಂಗಡಿ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ಹತ್ತಿರವೂ ಒಂದೇ ಫೈಲ್ ಇತ್ತು. ಹೆಸರು, ತಂದೆ ಹೆಸರು, ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ಬದಲಾಯಿಸಿದರೆ ಮುಗೀತು, 30 ರೂಪಾಯಿ. ಒಂದು ಸಲ ತಂದೆ ಹೆಸರು ಬದಲಾಯಿಸೋದೇ ಮರೆತೆ. ಹುಡುಗ ಬೇರೆಯವರ ಅಪ್ಪನ ಹೆಸರು ಹೊತ್ತುಕೊಂಡು ಇಂಟರ್‌ವ್ಯೂಗೆ ಹೋಗಿ ಬಂದ. ಕಣ್ಣಲ್ಲಿ ನೀರು ಇತ್ತು. ಅವತ್ತೇ ಆ ಫೈಲ್ ಅಳಿಸಿದೆ.

ಆಮೇಲೆ ಚೆಂದ ಮಾಡಲು ಹೋದೆ. ಕೋರೆಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಎಡಗಡೆ ನೀಲಿ ಪಟ್ಟಿ, ದುಂಡನೆ ಫೋಟೋ, ಕಂಪ್ಯೂಟರ್ ಜ್ಞಾನಕ್ಕೆ ಐದರಲ್ಲಿ ನಾಲ್ಕು ಸ್ಟಾರ್. 150 ರೂಪಾಯಿ ಇಟ್ಟೆ. ಜನ ಮೆಚ್ಚಿದರು. ಆದರೆ ಮದುವೆ ಪತ್ರಿಕೆ ಮಾಡಿದ ಅಭ್ಯಾಸ ನೋಡಿ, ಫಾಂಟ್ ಕೆಡಬಾರದು ಅಂತ ಎಲ್ಲಾ ಅಕ್ಷರವನ್ನೂ ಕರ್ವ್ ಮಾಡಿ (ಅಂದರೆ ಬರೀ ಗೆರೆಯ ಆಕಾರವಾಗಿಸಿ) ಪಿಡಿಎಫ್ ಕೊಡುತ್ತಿದ್ದೆ. ಕೆಲಸ ಹುಡುಕುವ ವೆಬ್‌ಸೈಟಿಗೆ ಹಾಕಿದರೆ ಎಲ್ಲ ಖಾಲಿ! ಹೆಸರೂ ಬರುತ್ತಿರಲಿಲ್ಲ. ಅಕ್ಷರವೆಲ್ಲ ಚಿತ್ರ ಆಗಿಬಿಟ್ಟಿದ್ದರೆ ಸಾಫ್ಟ್‌ವೇರ್ ಏನು ಓದಬೇಕು ಹೇಳಿ? ಸುಮಾರು 40 ಜನರಿಗೆ ಬಿಟ್ಟಿಯಾಗಿ ಮತ್ತೆ ಮಾಡಿಕೊಟ್ಟೆ. ಆರು ಸಾವಿರದ ಕೆಲಸ ಹೋಯಿತು.

ಈಗ ವರ್ಡ್‌ನಲ್ಲೇ, ಒಂದೇ ಕಾಲಂ. ಟೇಬಲ್ ಇಲ್ಲ, ಟೆಕ್ಸ್ಟ್ ಬಾಕ್ಸ್ ಇಲ್ಲ. ಪಿಡಿಎಫ್ ಆದ ಮೇಲೆ ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡುತ್ತೇನೆ. ಅಲ್ಲಿ ಸಾಲು ಹಿಂದೆ ಮುಂದೆ ಆಗಿದ್ದರೆ ಫೈಲ್ ಕೊಡುವುದಿಲ್ಲ.

ಆದರೆ 400 ರೂಪಾಯಿ ಬರುವುದು ಟೈಪಿಂಗ್‌ಗೆ ಅಲ್ಲ, ಮಾತಿಗೆ. ಒಬ್ಬರ ಹತ್ತಿರ 40 ನಿಮಿಷ ಕೂರುತ್ತೇನೆ. ಆಗ ಕಂಪ್ಯೂಟರ್ ಮುಟ್ಟುವುದಿಲ್ಲ.

ಬೆಂಗಳೂರಿನ ಪೀಣ್ಯದಲ್ಲಿ 3 ವರ್ಷ ದುಡಿದು, ಊರ ಹತ್ತಿರ ಇರೋಣ ಅಂತ ತುಮಕೂರಿನ ಪಕ್ಕದ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ನೋಡುತ್ತಿದ್ದ ಒಬ್ಬ ಐಟಿಐ ಹುಡುಗ ಬಂದ. ಹಳೇ ಬಯೋಡೇಟಾದಲ್ಲಿ ಆ 3 ವರ್ಷಕ್ಕೆ ಎರಡೇ ಪದ: ಸಿಎನ್‌ಸಿ ಆಪರೇಟರ್. ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷೀನ್ ಓಡಿಸುವವನು.

"ಅಲ್ಲಿ ಏನು ಮಾಡ್ತಿದ್ದೆಪ್ಪ?"

"ಸುಮ್ನೆ ಮಷೀನ್ ಓಡಿಸ್ತಿದ್ದೆ ಮೇಡಂ."

"ಶಿಫ್ಟಿಗೆ ಹೋದ ತಕ್ಷಣ ಮೊದಲು ಏನು ಕೈಗೆ ತಗೊಳ್ತಿದ್ದೆ?"

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತೋರುಬೆರಳು ನನ್ನ ಟೇಬಲ್ ಮೇಲೆ ಬಟನ್ ಒತ್ತುವ ಹಾಗೆ ಆಡತೊಡಗಿತು. ಹಿಂದಿನ ಶಿಫ್ಟಿನ ಕೊನೇ ಪೀಸನ್ನು ಮೈಕ್ರೋಮೀಟರ್‌ನಲ್ಲಿ ಅಳೆಯೋದು, ಇನ್ಸರ್ಟ್ (ಲೋಹ ಕೊರೆಯುವ ತುದಿ) ಸವೆದು ಹೊರ ಸೈಜ್ ಜಾಸ್ತಿ ಬರ್ತಿದ್ರೆ ಆಫ್‌ಸೆಟ್ (ಮಷೀನಿಗೆ ಕೊಡುವ ಅಳತೆಯ ತಿದ್ದುಪಡಿ) ತಿದ್ದೋದು, ಮತ್ತೆ ಒಂದು ಪೀಸ್ ತೆಗೆದು ನೋಡೋದು ಅಂತ ಹೇಳುತ್ತಾ ಹೋದ.

"ಆಫ್‌ಸೆಟ್ ಕೊಡೋದು ಮಷೀನ್ ಹೊಂದಿಸೋ ಸೆಟ್ಟರ್ ಅಲ್ವಾ?"

"ರಾತ್ರಿ ಶಿಫ್ಟಲ್ಲಿ ಸೆಟ್ಟರ್ ಇರ್ತಿರ್ಲಿಲ್ಲ ಮೇಡಂ. ನಾನೇ ಕೊಡ್ತಿದ್ದೆ."

ನನಗೆ ಬೇಕಾಗಿದ್ದದ್ದು ಆ ಒಂದು ಮಾತು. ಅದನ್ನೇ ಮೇಲೆ ಹಾಕಿದೆ: ರಾತ್ರಿ ಶಿಫ್ಟಿನಲ್ಲಿ ಸೆಟ್ಟರ್ ಇಲ್ಲದೆ ಆಫ್‌ಸೆಟ್ ತಿದ್ದಿ ಉತ್ಪಾದನೆ ನಡೆಸಿದ ಅನುಭವ. ಕೆಳಗೆ ಮಷೀನಿನ ಫ್ಯಾನುಕ್ ಕಂಟ್ರೋಲ್, ಶಿಫ್ಟಿಗೆ ಸುಮಾರು 220 ಬುಷ್ (ಕೊಳವೆಯಂಥ ಬಿಡಿಭಾಗ), ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ) 20 ಮೈಕ್ರಾನ್. ಮೂರು ವಾರದಲ್ಲಿ ಕೆಲಸ ಸಿಕ್ಕಿತು. 16 ಸಾವಿರ ಇದ್ದ ಸಂಬಳ 21 ದಾಟಿತು. ಆ ಹುಡುಗನ ಮಾತು ಕೇಳಿ ಬಂದವರೇ 12-13 ಜನ.

ನಾನು ಪ್ರತಿಯೊಬ್ಬರಿಗೂ ಏಳು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು ಮೇಲೆ ಹೇಳಿದ್ದೇ, ಕೆಲಸಕ್ಕೆ ಹೋದ ತಕ್ಷಣ ಮೊದಲು ಏನು ಕೈಗೆ ತಗೊಳ್ತಿದ್ದೆ ಅಂತ. ಕೊನೆಯದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದೂವರೆ ವರ್ಷ ಹಿಡಿದಿದೆ.

ಒಂದು ತಪ್ಪು ಮಾತ್ರ ಹೇಳಲೇಬೇಕು. ಡಿಪ್ಲೊಮಾ ಹುಡುಗ ಒಬ್ಬ "ಆಟೋಕ್ಯಾಡ್ ಬರುತ್ತೆ, ಹಾಕಿ" ಅಂದ. ಅದು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್. ಒಂದು ಮಾತೂ ಕೇಳದೆ ಹಾಕಿದೆ. ಇಂಟರ್‌ವ್ಯೂನಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಫ್ಲ್ಯಾಂಜ್ (ಪೈಪ್ ಜೋಡಿಸುವ ಬಳೆ) ಬಿಡಿಸು ಅಂದರಂತೆ. ಆಗಲಿಲ್ಲ. 400 ವಾಪಸ್ ಕೊಟ್ಟೆ. ಈಗ ಒಂದೊಂದು ಸಾಲು ಓದಿ, "ಇದನ್ನ ಎರಡು ನಿಮಿಷ ವಿವರಿಸು" ಅನ್ನುತ್ತೇನೆ. ವಿವರಿಸಲು ಆಗದ ಸಾಲು ಹೋಗುತ್ತದೆ, ಎಷ್ಟೇ ಗೋಗರೆದರೂ.

ಕವರಿಂಗ್ ಲೆಟರ್ ಬಗ್ಗೆ ಜಾಸ್ತಿ ಇಲ್ಲ. ನಮ್ಮ ಹುಡುಗರು ರಜಾ ಅರ್ಜಿಯ ಹಾಗೆ ಬರೆಯುತ್ತಾರೆ. ನಾನು ಆರು ಸಾಲಿನಲ್ಲಿ ಮುಗಿಸುತ್ತೇನೆ. ಯಾವ ಕೆಲಸ, ಅದಕ್ಕೆ ಹೊಂದುವ ಒಂದೇ ಅನುಭವ, ಎಲ್ಲಿಂದ ಬಂದು ಹೋಗುತ್ತಾರೆ, ಮೂರೂ ಶಿಫ್ಟಿಗೆ ಒಪ್ಪಿಗೆಯಾ, ಯಾವತ್ತು ಸೇರಬಹುದು. ಅದನ್ನು ಫೈಲ್ ಮಾಡಿ ಲಗತ್ತಿಸುವುದಿಲ್ಲ, ಮೇಲ್‌ನಲ್ಲೇ ಬರೆಸುತ್ತೇನೆ. ಲಗತ್ತಿಸಿದ್ದನ್ನು ತೆರೆಯೋರು ಕಮ್ಮಿ.

ಮಧ್ಯೆ ಬೇರೆ ಪ್ರಯೋಗವೂ ಮಾಡಿದೆ. ಕ್ಯೂಆರ್ ಕೋಡ್ ಹಾಕಿದೆ, ಯಾರೂ ಸ್ಕ್ಯಾನ್ ಮಾಡಲಿಲ್ಲ. ದಪ್ಪ ಪೇಪರ್‌ಗೆ 600 ರೂಪಾಯಿ ದಂಡ. ಕನ್ನಡದ ಪತ್ರ ಮಾತ್ರ ಕೈ ಹಿಡಿಯಿತು. ತಿಪಟೂರಿನ ಕೊಬ್ಬರಿ ಮಂಡಿಯೊಂದಕ್ಕೆ ಲೆಕ್ಕ ಬರೆಯೋರು ಬೇಕಿತ್ತು. ಬಿಕಾಂ ಹುಡುಗಿಗೆ ಕನ್ನಡದಲ್ಲೇ ಬರೆದುಕೊಟ್ಟೆ, ಮಾರನೇ ದಿನವೇ ಫೋನ್ ಬಂತು. ಕನ್ನಡವನ್ನು ಯೂನಿಕೋಡ್‌ನಲ್ಲೇ (ಮೊಬೈಲ್‌ನಲ್ಲೂ ಸರಿಯಾಗಿ ಕಾಣುವ ಅಕ್ಷರ) ಟೈಪ್ ಮಾಡಿ. ನುಡಿ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕೆಲಸ ಕೊಡುವವರ ಮೊಬೈಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ.

ರೇಟು: ಅನುಭವ ಇದ್ದವರಿಗೆ 400, ಹೊಸಬರಿಗೆ 250, ಇನ್ನೊಂದು ಕಂಪನಿಗೆ ತಿದ್ದಲು 50. ಕೂರುವ ಮೊದಲೇ 100 ಅಡ್ವಾನ್ಸ್. ಇದನ್ನು ಬಿಡಬೇಡಿ. ಅಡ್ವಾನ್ಸ್ ಇಲ್ಲದೆ ಕೂತ ಮೊದಲ 20 ಜನರಲ್ಲಿ ಎಂಟು ಜನ ಮತ್ತೆ ಬರಲೇ ಇಲ್ಲ. ದಿನಕ್ಕೆ ಮೂವರಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ನಾಲ್ಕನೆಯವರಿಗೆ ಪ್ರಶ್ನೆ ಕೇಳುವಷ್ಟರಲ್ಲಿ ತಲೆ ಓಡುವುದಿಲ್ಲ.

ಈಗ ಕೈಯಲ್ಲಿರುವುದು ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಹೊರಟಿರುವ ಹೆಂಗಸರ ರೆಸ್ಯೂಮ್. ಎಂಟು ವರ್ಷದ ಬಿಡುವನ್ನು ಹೇಗೆ ತೋರಿಸೋದು ಅಂತ ಇನ್ನೂ ಪೂರ್ತಿ ಹಿಡಿತಕ್ಕೆ ಸಿಕ್ಕಿಲ್ಲ. ಮನೆಯಲ್ಲಿ ಬ್ಲೌಸ್ ಹೊಲಿದಿದ್ದನ್ನು ತಿಂಗಳಿಗೆ ಎಷ್ಟು ಅಂತ ಲೆಕ್ಕ ಹಾಕಿಸಿ ಬರೆದೆ. ಐದು ಜನರಲ್ಲಿ ಇಬ್ಬರಿಗೆ ಕರೆ ಬಂದಿದೆ. ಉಳಿದ ಮೂವರನ್ನು ಭಾನುವಾರ ಮತ್ತೆ ಬರಹೇಳಿದ್ದೇನೆ, ದುಡ್ಡಿಲ್ಲದೆ.