ಟಾರ್ಕ್ ತಾಳೆಯಾಯಿತು, ದ್ರವ ಬೆರೆಯಿತೇ?

ಮಂದ ದ್ರವ ಕಲಕುವ ಅಲಗುಚಕ್ರಗಳಾದ ಇಂಪೆಲ್ಲರ್‌ಗಳ ಸಿಮ್ಯುಲೇಶನ್ ಮಾಡುವವರು ಮೊದಲು ತಾಳೆ ನೋಡುವುದು ಟಾರ್ಕನ್ನು, ಅಂದರೆ ಶಾಫ್ಟ್ ತಿರುಗಿಸಲು ಬೇಕಾಗುವ ತಿರುಚುಬಲವನ್ನು. ಕಂಪ್ಯೂಟರ್ ಕೊಟ್ಟ ಅಂಕಿಯೂ ಶಾಫ್ಟ್‌ನಲ್ಲಿ ಅಳೆದ ಅಂಕಿಯೂ ಹತ್ತಿರ ಬಂದರೆ ವರದಿ ಬರೆದು ಮುಗಿಸುತ್ತಾರೆ. ನನಗೆ ಅಷ್ಟು ಸಾಲದು. ಹರಿವು ಪದರ ಪದರವಾಗಿ ಶಾಂತವಾಗಿದ್ದಾಗ ಟಾರ್ಕ್ ಸರಿಬರುವುದು ಕಷ್ಟವೇನಲ್ಲ. ಬೆರೆಯುವುದು ಬೇರೆಯೇ ಮಾತು.

ನನ್ನ ಪರೀಕ್ಷೆಗೆ 10 ಸೆಂ.ಮೀ. ವ್ಯಾಸದ, ಆರು ಅಲಗಿನ ರಷ್ಟನ್ ಟರ್ಬೈನ್, ಪಾರದರ್ಶಕ ತೊಟ್ಟಿ, ಗ್ಲಿಸರಿನ್ ಇಟ್ಟುಕೊಂಡೆ. ನಿಮಿಷಕ್ಕೆ 60 ಸುತ್ತು ತಿರುಗಿಸಿದರೆ ರೆನಾಲ್ಡ್ಸ್ ಸಂಖ್ಯೆ (ಕಡಿಮೆಯಿದ್ದಷ್ಟೂ ಹರಿವು ಶಾಂತ, ಹೆಚ್ಚಿದಷ್ಟೂ ಸುಳಿ) 10ರ ಆಸುಪಾಸು. ಅದೇ ವೇಗದಲ್ಲಿ ನೀರಾಗಿದ್ದರೆ 10,000. ನೀರಲ್ಲಿ ಅರ್ಧ ಕೆಲಸವನ್ನು ಸುಳಿಗಳೇ ಮಾಡಿಬಿಡುತ್ತವೆ. ಇಲ್ಲಿ ಆ ನೆರವಿಲ್ಲ. ತೊಟ್ಟಿಯ ಗೋಡೆಗೆ ಹರಿವನ್ನು ತಡೆಯುವ ಬ್ಯಾಫಲ್ ಪಟ್ಟಿ ಕೂರಿಸಿದರೂ ಲಾಭವಿಲ್ಲ, ಅದರ ಹಿಂದೆ ದ್ರವ ಸುಮ್ಮನೆ ನಿಂತುಬಿಡುತ್ತದೆ.

ಅಳತೆಯಲ್ಲಿ ತಲೆ ತಿನ್ನುವುದು ಉಷ್ಣತೆ. ಶುದ್ಧ ಗ್ಲಿಸರಿನ್‌ನ ಸ್ನಿಗ್ಧತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1.4 ಪಾಸ್ಕಲ್-ಸೆಕೆಂಡ್, 25ಕ್ಕೆ ಬರುವಷ್ಟರಲ್ಲಿ 1ಕ್ಕಿಂತ ಕೆಳಗೆ. ಮೇಲಿಂದ ಅದು ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ಪುಸ್ತಕದ ಅಂಕಿ ಬಿಟ್ಟು, ತೊಟ್ಟಿಯಿಂದಲೇ ಸ್ವಲ್ಪ ತೆಗೆದು, ಅದೇ ಉಷ್ಣತೆಯಲ್ಲಿ ಅಳೆದು ಸಿಮ್ಯುಲೇಶನ್‌ಗೆ ಕೊಡುತ್ತೇನೆ. ಟಾರ್ಕ್ ಈ ಗಾತ್ರದಲ್ಲಿ ಬರೀ 0.01 ನ್ಯೂಟನ್-ಮೀಟರ್‌ನಷ್ಟು. ಬೇರಿಂಗ್‌ನ ಉಜ್ಜಾಟವೇ ಅದಕ್ಕೆ ಸಮ ನಿಂತೀತು! ಖಾಲಿ ತೊಟ್ಟಿಯಲ್ಲಿ ತಿರುಗಿಸಿ ಬಂದದ್ದನ್ನು ಕಳೆಯದೆ ಯಾವ ಅಂಕಿಯನ್ನೂ ನಾನು ಬರೆದುಕೊಳ್ಳುವುದಿಲ್ಲ.

ಬೆರೆಯುವುದನ್ನು ನೋಡಲು ಬಣ್ಣ ಹಾಕುವುದಕ್ಕಿಂತ ಬಣ್ಣ ತೆಗೆಯುವುದು ಮೇಲು. ಹಾಕಿದ ಬಣ್ಣ ತನ್ನ ಹಿಂದಿರುವುದನ್ನೆಲ್ಲ ಮುಚ್ಚಿಬಿಡುತ್ತದೆ. ಅದಕ್ಕೇ ತೊಟ್ಟಿಯ ದ್ರವಕ್ಕೆ ಚೂರು ಕ್ಷಾರ, ಆಮ್ಲ ತಗುಲಿದರೆ ಬಣ್ಣ ಕಳೆದುಕೊಳ್ಳುವ ಫಿನಾಲ್ಫ್ತಲೀನ್ ಸೇರಿಸಿ ಗುಲಾಬಿ ಮಾಡಿಕೊಂಡು, ಗುಳ್ಳೆಗಳು ಹೋಗಲೆಂದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅಷ್ಟೇ ಮಂದವಾದ ಗ್ಲಿಸರಿನ್‌ನಲ್ಲಿ ಆಮ್ಲ ಬೆರೆಸಿ ಅಲಗಿನ ಹತ್ತಿರ ಬಿಟ್ಟೆ. ಅಲಗಿನ ಸುತ್ತ ಬಣ್ಣ ಬೇಗ ಹೋಯಿತು, ಆಮೇಲೆ ಗೋಡೆಯ ಕಡೆ ನಿಧಾನವಾಗಿ ತಿಳಿಯಾಯಿತು. ಆದರೆ ಟರ್ಬೈನಿನ ಮೇಲೊಂದು, ಕೆಳಗೊಂದು ಗುಲಾಬಿ ಬಳೆ ಹಾಗೇ ಉಳಿಯಿತು. ಅಂಚು ಕೊರೆದಷ್ಟು ಸ್ಪಷ್ಟ. ಒಳಗಿನ ದ್ರವ ತಿರುಗುತ್ತಿದೆ, ಆದರೆ ತನ್ನೊಳಗೇ. ಹೊರಗಿನದ್ದು ಒಳಗೆ ಹೋಗದು. ಟಾರ್ಕ್ ಮೀಟರಿನ ಮುಳ್ಳು ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿತ್ತು.

ಸಿಮ್ಯುಲೇಶನ್‌ನಲ್ಲಿ ಈ ಬಳೆ ಕಾಣಿಸುವುದು ಸುಲಭವಲ್ಲ. ಬಣ್ಣದ ಸಾಂದ್ರತೆಯನ್ನು, ಲೆಕ್ಕಕ್ಕಾಗಿ ತೊಟ್ಟಿಯನ್ನು ಚಿಕ್ಕ ಕೋಶಗಳಾಗಿ ಹಂಚಿದ ಬಲೆಯಾದ ಮೆಶ್‌ನ ಕೋಶದಿಂದ ಕೋಶಕ್ಕೆ ಸಾಗಿಸುವಾಗ ಲೆಕ್ಕದ ವಿಧಾನವೇ ಒಂದಿಷ್ಟು ಸುಳ್ಳು ವಿಸರಣ (ತಾನಾಗಿ ಹರಡುವಿಕೆ) ಸೇರಿಸುತ್ತದೆ. ನಿಜವಾದ ಅಣು ವಿಸರಣ ಇಷ್ಟು ಮಂದ ದ್ರವದಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಪರದೆಯ ಮೇಲೆ ಸುಳ್ಳಿನದೇ ಕಾರುಬಾರು. ತೊಟ್ಟಿಯಲ್ಲಿ ಗಟ್ಟಿಯಾಗಿ ಕೂತ ಬಳೆ ಕಂಪ್ಯೂಟರ್‌ನಲ್ಲಿ ಮಸುಕಾಗಿ ಮಾಯವಾಗುತ್ತದೆ. ಚಿತ್ರ ಚೆಂದವಿರುತ್ತದೆ, ಗ್ರಾಹಕರಿಗೂ ಇಷ್ಟವಾಗುತ್ತದೆ. ನಾನು ಹರಿವಿನ ವೇಗವನ್ನಷ್ಟೇ ಲೆಕ್ಕಹಾಕಿಸಿ, ಅದರಲ್ಲಿ ತೂಕವಿಲ್ಲದ ಕಣಗಳನ್ನು ತೇಲಿಬಿಡುತ್ತೇನೆ. ಅಲಗು ನಿಜವಾಗಿ ಚಲಿಸುವ ಸ್ಲೈಡಿಂಗ್ ಮೆಶ್ ಇದಕ್ಕೆ ಬೇಕು. ಟಾರ್ಕಿಗಾದರೆ ಅಲಗನ್ನು ಒಂದೇ ಕೋನದಲ್ಲಿ ನಿಲ್ಲಿಸಿ ಮಾಡುವ ಅಗ್ಗದ ಲೆಕ್ಕ ಸಾಕು. ಬಳೆಯೊಳಗೆ ಬಿಟ್ಟ ಕಣಗಳು ಬಳೆಯೊಳಗೇ ಸುತ್ತುತ್ತಿದ್ದರೆ ಪರೀಕ್ಷೆಯೂ ಲೆಕ್ಕವೂ ಒಂದೇ ಮಾತು ಹೇಳುತ್ತಿವೆ ಎಂದರ್ಥ. ಶಾಫ್ಟನ್ನು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದಾಗ ಬಳೆ ಒಡೆಯಿತು. ಇದನ್ನು ಕಣಗಳೂ ತೋರಿಸಿದವು.

ಶಿಯರ್ (ದ್ರವದ ಪದರಗಳು ಒಂದರ ಮೇಲೊಂದು ಜಾರುವುದು) ಹೆಚ್ಚಿದಂತೆ ತೆಳುವಾಗುವ ದ್ರವಗಳಿಗೆ 1957ರ ಮೆಟ್ಜ್‌ನರ್-ಓಟೋ ಸೂತ್ರ ಇನ್ನೂ ಕೈಹಿಡಿಯುತ್ತದೆ: ಸರಾಸರಿ ಶಿಯರ್ ದರ ಎಂದರೆ ಸೆಕೆಂಡಿನ ಸುತ್ತುಗಳ ಇಂತಿಷ್ಟು ಪಟ್ಟು, ಟರ್ಬೈನಿಗೆ ಸುಮಾರು 11, ಸುರುಳಿ ಪಟ್ಟಿಯಂಥ ಹೆಲಿಕಲ್ ರಿಬ್ಬನ್‌ಗೆ ಸುಮಾರು 30. ಅದೂ ಟಾರ್ಕ್ ಅಂದಾಜಿಗೆ ಮಾತ್ರ. ಕಾರ್ಬೊಪಾಲ್ ಜೆಲ್‌ನಂಥ, ಒಂದು ಮಿತಿ ದಾಟುವವರೆಗೆ ಹರಿಯದ ವಸ್ತುವಿನಲ್ಲಿ ಅಲಗಿನ ಸುತ್ತ ಒಂದು ಗುಹೆಯಷ್ಟೇ ಚಲಿಸುತ್ತದೆ, ಉಳಿದದ್ದು ಕದಲದು. ಗುಹೆಯ ಅಂಚು ಗೋಡೆ ಮುಟ್ಟಲು ಅಲಗು ತಿರುಗಬೇಕಾದ ವೇಗ ಎಷ್ಟೆಂದು ಬಣ್ಣ ಬಿಟ್ಟು ನೋಡಿ ಬರೆದುಕೊಳ್ಳುತ್ತೇನೆ. ಜೆಲ್‌ನ ಸಿಮ್ಯುಲೇಶನ್‌ನಲ್ಲಿ ಟಾರ್ಕಿಗಿಂತ ಮೊದಲು ನಾನು ತಾಳೆ ನೋಡುವುದು ಆ ವೇಗವನ್ನೇ.